ಮೂರನೇ ಬಾಣ, ಐದನೇ ಬಾಣ: 228ರಿಂದ 274ರವರೆಗಿನ ರಿಪೇರಿ ಲೆಕ್ಕ

ಯುಗಾದಿ ಕಳೆದು ಎರಡನೇ ಭಾನುವಾರ ನಮ್ಮ ಬಿಲ್ವಿದ್ಯೆ ಕ್ಲಬ್ ಸ್ಪರ್ಧೆಯಲ್ಲಿ ನನಗೆ ಬಂದಿದ್ದು 360ಕ್ಕೆ 228. 30 ಮೀಟರ್ ದೂರ, 80 ಸೆಂ.ಮೀ. ಅಗಲದ ಟಾರ್ಗೆಟ್ ಹಾಳೆ, ಆರಾರು ಬಾಣದ ಆರು ಎಂಡ್ (ಸರದಿ), ಒಟ್ಟು 36 ಬಾಣ. ನನಗಿಂತ ಕೆಳಗೆ ಇದ್ದವರು ಇಬ್ಬರೇ. ಅದರಲ್ಲೊಬ್ಬರು ಬಿಲ್ಲು ಹಿಡಿದು ಎರಡು ತಿಂಗಳೂ ಆಗಿರಲಿಲ್ಲ. ಮೇಲಿದ್ದವರಲ್ಲಿ ಒಬ್ಬ ಹದಿನಾರರ ಹುಡುಗ. ಅವನ ಕೈಯಲ್ಲಿದ್ದದ್ದು ಬಿದಿರಿನ ಬಿಲ್ಲು. ಗುರಿ ನೋಡೋ ಸೈಟ್ ಇಲ್ಲ, ಅಲುಗಾಟ ತಗ್ಗಿಸೋ ಸ್ಟೆಬಿಲೈಸರ್ ಇಲ್ಲ. ಅವನು 281 ತೆಗೆದ.

ಒಂದು ದಿನದ ಕತೆ ಆಗಿದ್ದರೆ ಬಿಟ್ಟುಬಿಡಬಹುದಿತ್ತು. ಮೂರು ವರ್ಷದಿಂದ ನಾನು 220ಕ್ಕೂ 235ಕ್ಕೂ ಮಧ್ಯೆನೇ ಓಡಾಡುತ್ತಿದ್ದೆ. ಕ್ಲಬ್ಬಿನಲ್ಲಿ ಸಲಹೆಗೇನೂ ಬರ ಇಲ್ಲ. “ಮೊಣಕೈ ಇಳೀತಿದೆ ಸಾರ್.” “ಬೆರಳು ಕಿತ್ಕೋತೀರ, ಹೆದೆ ತಾನಾಗೇ ಜಾರ್ಬೇಕು.” “ಉಸಿರು ಹಿಡೀಬೇಡಿ.” ಎಲ್ಲಾ ಕೇಳಿದೆ, ಎಲ್ಲಾ ಮಾಡಿದೆ. ಅಂಕ ಮಾತ್ರ ಅಲ್ಲೇ. ನಲವತ್ತೆರಡಕ್ಕೆ ಬಿಲ್ಲು ಹಿಡಿದವನಿಗೆ ಇಷ್ಟೇ ಬರೋದು ಅಂತ ಸಮಾಧಾನ ಮಾಡಿಕೊಂಡಿದ್ದೆ.

ಅವತ್ತು ಮಗಳೂ ಜೊತೆಗೆ ಬಂದಿದ್ದಳು. ಬೇಸಿಗೆ ರಜೆ, ಫೋನಿನ ಚಾರ್ಜ್ ಖಾಲಿ. ಸುಮ್ನೆ ಕೂರೋಕಾಗದೆ ಒಂದು ರಫ್ ಪುಸ್ತಕದಲ್ಲಿ ಟಾರ್ಗೆಟ್ಟಿನ ವೃತ್ತಗಳನ್ನು ಬರೆದು, ಪ್ರತಿ ಎಂಡ್ ಆದಮೇಲೂ ಯಾವ ಬಾಣ ಎಲ್ಲಿ ನಾಟಿದೆ ಅಂತ ಚುಕ್ಕಿ ಇಟ್ಟಿದ್ದಳು. ಚುಕ್ಕಿಯ ಪಕ್ಕ ಬಾಣದ ನಂಬರ್. ನನ್ನ ಬಾಣಗಳ ಗರಿ ಹತ್ತಿರ ಮಾರ್ಕರಿನಲ್ಲಿ 1ರಿಂದ 8ರವರೆಗೆ ಬರೆದಿದ್ದೇನೆ. ಆರು ಬಿಡೋಕೆ, ಎರಡು ಸ್ಪೇರ್.

ಮನೆಗೆ ಬರುವಾಗ ಕಾರಿನಲ್ಲಿ ಅವಳು ಹೇಳಿದ್ದು: “ಅಪ್ಪಾ, ನಿನ್ನ ಮೂರನೇ ಬಾಣ ಒಂದ್ಸಲಾನೂ ಮಧ್ಯದ ಹಳದಿಗೆ ಹೋಗಿಲ್ಲ ಗೊತ್ತಾ? ಐದನೇದೂ ಅಷ್ಟೇ.”

ಇದು ಇಷ್ಟು ದಿನ ನನಗೆ ಯಾಕೆ ಕಾಣಲಿಲ್ಲ ಅಂದರೆ, ಸ್ಕೋರ್ ಕಾರ್ಡ್ ಬರೆಯೋ ರೀತಿಯೇ ಹಾಗಿದೆ. ಒಂದು ಎಂಡಿನ ಅಂಕಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಬರೆಯುತ್ತಾರೆ. 9, 8, 8, 7, 4, 3. ಆ 4, ಆ 3 ಯಾವ ಬಾಣದ್ದು ಅನ್ನೋದು ಅಲ್ಲೇ ಕಳೆದುಹೋಗುತ್ತೆ. ನಾನು ಮೂರು ವರ್ಷ ಅದನ್ನು “ಎರಡು ಬಾಣ ಕೈ ತಪ್ಪಿತು” ಅಂತಲೇ ಓದಿದ್ದೆ.

ರಾತ್ರಿ ಊಟ ಆದಮೇಲೆ ಪುಸ್ತಕ ಬಿಚ್ಚಿ ಕೂಡಿದೆ. 3 ಮತ್ತು 5ನೇ ಬಾಣ ಸೇರಿ 12 ಸಲ ಬಿಟ್ಟಿದ್ದೇನೆ, ಬಂದ ಅಂಕ 49. ಉಳಿದ ನಾಲ್ಕು ಬಾಣದಿಂದ 24 ಸಲ, ಬಂದ ಅಂಕ 179. ಅಂದರೆ ಒಂದು ಕಡೆ ಸರಾಸರಿ 4, ಇನ್ನೊಂದು ಕಡೆ ಏಳೂವರೆ. ಎಲ್ಲಾ ಬಾಣವೂ ಏಳೂವರೆ ತಂದಿದ್ದರೆ 270 ಆಗುತ್ತಿತ್ತು. ಒಂದೇ ಕೈ, ಒಂದೇ ಬಿಲ್ಲು, ಒಂದೇ ಮಧ್ಯಾಹ್ನ. ಕೈ ತಪ್ಪೋದಾದರೆ ಆರರಲ್ಲಿ ಇವೆರಡೇ ನಂಬರ್ ಹುಡುಕಿಕೊಂಡು ತಪ್ಪುತ್ತಾ?

ಇನ್ನೂ ಒಂದು ವಿಷಯ ಚುಕ್ಕಿಗಳಲ್ಲೇ ಇತ್ತು. 3 ಮತ್ತು 5 ಯಾವಾಗಲೂ ಎಡಕ್ಕೆ, ಸ್ವಲ್ಪ ಕೆಳಕ್ಕೆ. ಮೂರನೇ ಎಂಡಿನ ಹೊತ್ತಿಗೆ ‘ಎಡಕ್ಕೆ ಹೋಗ್ತಿದೆ’ ಅಂತ ನಾನು ಸೈಟನ್ನೂ ಎಡಕ್ಕೆ ಸರಿಸಿದ್ದೆ. ಬಾಣ ಹೋದ ಕಡೆಗೆ ಸೈಟ್ ಸರಿಸಬೇಕು ಅನ್ನೋದು ನಿಯಮ, ಸರಿಯೇ. ಆದರೆ ಆಮೇಲೆ ಒಳ್ಳೆಯ ನಾಲ್ಕು ಬಾಣ ಬಲಕ್ಕೆ ಹೋಗೋಕೆ ಶುರುವಾದವು. ಐದನೇ ಎಂಡಿನಲ್ಲಿ ವಾಪಸ್ ಸರಿಸಿದೆ. ಎರಡು ಕೆಟ್ಟ ಬಾಣದ ಮಾತು ಕೇಳಿ ನಾಲ್ಕು ಒಳ್ಳೇವನ್ನೂ ಕೆಡಿಸಿದ್ದೆ.

ಮೊದಲ ವಾರ: ಬಾಣಗಳ ತಪಾಸಣೆ

ಎಂಟು ಬಾಣವನ್ನೂ ಡೈನಿಂಗ್ ಟೇಬಲ್ ಮೇಲೆ ಸಾಲಾಗಿ ಇಟ್ಟೆ. ಕಾರ್ಬನ್ ಬಾಣ, 29 ಇಂಚು ಉದ್ದ. ಹಳೇ ಸದಸ್ಯರೊಬ್ಬರು ಕ್ಲಬ್ ಬಿಡುವಾಗ ಅವರಿಂದ ಕೊಂಡಿದ್ದು. ಗರಿ ಇರೋ ಭಾಗಕ್ಕೆ ಚೆಂದದ ಕೆಂಪು ಸ್ಟಿಕ್ಕರ್ ಸುತ್ತಿತ್ತು. ಎಲ್ಲಾ ಒಂದೇ ಥರ ಕಾಣುತ್ತಿದ್ದವು. ಅದೇ ಮೋಸ ಆಗಿದ್ದು.

ಮೊದಲು ಮಾಡಬೇಕಾದ್ದು ಅಂಕಕ್ಕಲ್ಲ, ಕೈ ಉಳಿಸಿಕೊಳ್ಳೋಕೆ. ಕಾರ್ಬನ್ ಬಾಣವನ್ನು ಎರಡೂ ತುದಿ ಹಿಡಿದು, ಮೆಲ್ಲಗೆ ಬಗ್ಗಿಸಿ, ಕಿವಿ ಹತ್ತಿರ ಇಟ್ಟು ಕೇಳಬೇಕು. ತಿರುಗಿಸಿ ಮತ್ತೆ ಬಗ್ಗಿಸಬೇಕು. ಚಿಟಿಚಿಟಿ ಸದ್ದು ಬಂದರೆ ಒಳಗೆ ಸೀಳಿದೆ ಅಂತ ಅರ್ಥ. ಅಂಥದ್ದನ್ನು ಬಿಟ್ಟರೆ ಬಿಲ್ಲಿನಲ್ಲೇ ಒಡೆದು ಎಡಗೈಗೆ ಚುಚ್ಚಿಕೊಳ್ಳಬಹುದು. 8ನೇ ಬಾಣ ಸದ್ದು ಮಾಡಿತು. ಅವತ್ತೇ ಅದನ್ನು ಮುರಿದು ಕಸಕ್ಕೆ ಹಾಕಿದೆ. ಹಾಗೇ ಎಸೆದರೆ ಯಾವುದಾದರೂ ಹುಡುಗನ ಕೈಗೆ ಸಿಗುತ್ತೆ.

ಆಮೇಲೆ ತೂಕ. ಚಿನ್ನದ ಅಂಗಡಿಯಲ್ಲಿ ಇರುತ್ತಲ್ಲ, ಅಂಗೈ ಅಗಲದ ಡಿಜಿಟಲ್ ತಕ್ಕಡಿ, ಅದೇ. ಬಾಣ ನಿಲ್ಲೋಕೆ ಮೇಲೊಂದು ಪ್ಲಾಸ್ಟಿಕ್ ಲೋಟ ಇಟ್ಟು ಸೊನ್ನೆ ಮಾಡಿಕೊಂಡೆ. 1, 2, 4, 7 ಎಲ್ಲಾ 22.3ರಿಂದ 22.5 ಗ್ರಾಂ ಒಳಗೆ. 6ನೇದು 22.9. 3ನೇದು 23.6, 5ನೇದು 23.7. ಒಂದು ಗ್ರಾಮಿಗಿಂತ ಜಾಸ್ತಿ ವ್ಯತ್ಯಾಸ. ಕೆಳಕ್ಕೆ ಹೋಗೋದಕ್ಕೆ ಒಂದು ಕಾರಣ ಸಿಕ್ಕಿತು. ಎಡಕ್ಕೆ ಹೋಗೋದಕ್ಕೆ ಇನ್ನೂ ಇಲ್ಲ.

6ನೇ ಬಾಣದ ಮೊನೆಯನ್ನು ನೆಲಕ್ಕೆ ಮೆಲ್ಲಗೆ ಕುಟ್ಟಿದಾಗ ‘ಟಿಕ್’ ಬದಲು ‘ಟರ್’ ಅಂತ ಸದ್ದು. ಮೊನೆ ಸಡಿಲ. ಹಿಂದೆ ಯಾರೋ ಅಂಟು ಸುರಿದು ಕೂರಿಸಿದ್ದರು, ಅದೇ ಆ ಜಾಸ್ತಿ ತೂಕ. ಎಳೆದರೆ ಬಂದೇಬಿಟ್ಟಿತು. ಹಳೇ ಅಂಟು ಕೆರೆದು, ಗ್ಲೂ ಗನ್ನಿನ ಕಡ್ಡಿ ಕರಗಿಸಿ ಹಚ್ಚಿ, ಮೊನೆಯನ್ನು ತಿರುಗಿಸುತ್ತಾ ಒಳಗೆ ಒತ್ತಿದೆ. ಇಲ್ಲಿ ಒಂದು ಎಚ್ಚರ ಬೇಕು. ಬಿಸಿ ಮಾಡಬೇಕಾದ್ದು ಮೊನೆಯನ್ನು, ಬಾಣದ ಕಡ್ಡಿಯನ್ನಲ್ಲ. ಕಾರ್ಬನ್ನಿಗೆ ಬೆಂಕಿ ತೋರಿಸಿದರೆ ಅದರ ಅಂಟೇ ಸಡಿಲಾಗಿ ಕಡ್ಡಿ ಕೆಡುತ್ತೆ.

ಸ್ಪೈನ್ ಅಳೆಯೋ ಹಲಗೆ

ಈಗ ಮುಖ್ಯ ಕೆಲಸ. ಬಾಣ ಎಷ್ಟು ಗಟ್ಟಿ, ಎಷ್ಟು ಬಾಗುತ್ತೆ ಅನ್ನೋದಕ್ಕೆ ಸ್ಪೈನ್ ಅಂತಾರೆ. ಲೆಕ್ಕ ಸರಳ: 28 ಇಂಚು ಅಂತರದ ಎರಡು ಆಸರೆ ಮೇಲೆ ಬಾಣ ಮಲಗಿಸಿ, ಮಧ್ಯಕ್ಕೆ 880 ಗ್ರಾಂ ತೂಗುಹಾಕಬೇಕು. ಎಷ್ಟು ಇಂಚು ಬಾಗಿತೋ ಅದನ್ನು ಸಾವಿರದಿಂದ ಗುಣಿಸಿದರೆ ಸ್ಪೈನ್. 0.600 ಇಂಚು ಬಾಗಿದರೆ 600 ಸ್ಪೈನ್, 0.500 ಬಾಗಿದರೆ 500. ನಂಬರ್ ಚಿಕ್ಕದಾದಷ್ಟೂ ಬಾಣ ಗಟ್ಟಿ.

ಬೆರಳಿನಲ್ಲಿ ಹೆದೆ ಬಿಟ್ಟಾಗ ಅದು ನೆಟ್ಟಗೆ ಮುಂದಕ್ಕೆ ಹೋಗಲ್ಲ. ಬೆರಳ ತುದಿಯಿಂದ ಜಾರುವಾಗ ಪಕ್ಕಕ್ಕೆ ಒಂದು ಸಣ್ಣ ತಳ್ಳು ಸಿಗುತ್ತೆ. ಬಾಣ ಮೀನಿನ ಥರ ಬಳುಕುತ್ತಾ ಬಿಲ್ಲಿನ ಹಿಡಿಯನ್ನು ಬಳಸಿಕೊಂಡು ಹೊರಡುತ್ತೆ. ಬಳುಕು ಸರಿಯಾಗಿದ್ದರೆ ಹಿಡಿಗೆ ತಾಗಲ್ಲ. ಬಾಣ ಜಾಸ್ತಿ ಗಟ್ಟಿ ಇದ್ದರೆ ಬಲಗೈಯಲ್ಲಿ ಎಳೆಯುವವರಿಗೆ ಎಡಕ್ಕೆ ಹೋಗುತ್ತೆ. ಮೆತ್ತಗಿದ್ದರೆ ಬಲಕ್ಕೆ. ನನ್ನ ಎರಡು ಬಾಣ ಎಡಕ್ಕೆ. ಊಹೆ ಇತ್ತು, ಅಳೆದು ನೋಡಬೇಕಿತ್ತು.

ಪೀಣ್ಯದಲ್ಲಿ ಲೇತ್ ಇಟ್ಟುಕೊಂಡಿರೋ ಹೈಸ್ಕೂಲ್ ಗೆಳೆಯ ಇದ್ದಾನೆ. ಶನಿವಾರ ಮಧ್ಯಾಹ್ನ ಅವನ ಶೆಡ್ಡಿಗೆ ಹೋದೆ. ಒಂದು ಮೀಟರ್ ಉದ್ದದ ಹಳೇ ತೇಗದ ಹಲಗೆ ನಾನೇ ಒಯ್ದಿದ್ದೆ. ಕಿಟಕಿ ಚೌಕಟ್ಟಿನದು, ಒಣಗಿ ನೆಟ್ಟಗಿತ್ತು. ಎರಡೂ ತುದಿಗೆ ಒಂದೊಂದು ಕಂಬ, ಕಂಬದ ಮೇಲೆ ಎರಡೆರಡು 608 ಬೇರಿಂಗ್ ಪಕ್ಕಪಕ್ಕ. ಸ್ಕೇಟಿಂಗ್ ಚಕ್ರದಲ್ಲಿ ಇರೋ ಅದೇ 22 ಮಿ.ಮೀ. ಬೇರಿಂಗ್. ಎರಡು ಬೇರಿಂಗಿನ ನಡುವಿನ ಕಣಿವೆಯಲ್ಲಿ ಬಾಣ ತೊಟ್ಟಿಲಲ್ಲಿ ಮಲಗಿದ ಹಾಗೆ ಕೂರುತ್ತೆ, ಬೆರಳಲ್ಲಿ ತಿರುಗಿಸಿದರೆ ಉರುಳುತ್ತೆ. ಕಂಬದಿಂದ ಕಂಬಕ್ಕೆ 71.1 ಸೆಂ.ಮೀ., ಅಂದರೆ 28 ಇಂಚು. 29 ಇಂಚಿನ ಬಾಣಕ್ಕೆ ಎರಡೂ ಕಡೆ ಅರ್ಧರ್ಧ ಇಂಚು ಉಳಿಯುತ್ತೆ. ಹಿಂದಿನ ಬೇರಿಂಗ್ ಗರಿಗೂ ನಾಕ್‌ಗೂ (ಹೆದೆಗೆ ಸಿಕ್ಕಿಸೋ ಹಿಂದಿನ ತುದಿಯ ಕಚ್ಚು) ನಡುವಿನ ಸಣ್ಣ ಜಾಗದಲ್ಲಿ ಕೂರಬೇಕು. ಕೂತಿತು, ಸ್ವಲ್ಪದರಲ್ಲಿ.

ಬಾಗಿದ್ದು ಅಳೆಯೋಕೆ ಅವನ ಡಯಲ್ ಗೇಜ್ ಕೇಳಿದೆ. ಜೋಡಿಸಿ, ತೂಕ ಹಾಕಿದೆ. ಮುಳ್ಳು ಗಿರಗಿರ ತಿರುಗಿ ನಿಂತುಬಿಟ್ಟಿತು. ಗೇಜಿನ ಕಡ್ಡಿ ಪೂರಾ ಹೊರಗೆ ಬಂದಿತ್ತು, ಬಾಣ ಇನ್ನೂ ಕೆಳಗಿತ್ತು.

“ಲೋ, ಹತ್ತು ಮಿಲಿಮೀಟರ್ ಗೇಜ್ ಇಟ್ಕೊಂಡು ಎಷ್ಟು ಅಳೆಯೋಕೆ ಹೊರಟಿದೀಯ?”

“ಹದಿನೈದು.”

ಅವನು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಡ್ರಾಯರಿಂದ ಡಿಜಿಟಲ್ ವರ್ನಿಯರ್ ತೆಗೆದು ಕೊಟ್ಟ. ಬಾಣದ ಮೇಲೆ ಅಡ್ಡಲಾಗಿ ಒಂದು ಅಲ್ಯೂಮಿನಿಯಂ ಪಟ್ಟಿ ಕೂರಿಸಿ, ಅದರಲ್ಲೊಂದು ತೂತು ಕೊರೆದು, ವರ್ನಿಯರಿನ ಹಿಂದಿನ ಕಡ್ಡಿ ಇಳಿಸಿ ಬಾಣದ ಬೆನ್ನು ಮುಟ್ಟೋವರೆಗಿನ ಆಳ ಅಳೆದೆವು. ತೂಕ ಹಾಕೋ ಮುಂಚೆ ಒಂದು ಸಲ, ಹಾಕಿದ ಮೇಲೆ ಒಂದು ಸಲ. ಕಳೆದರೆ ಉತ್ತರ. ನಿಜ ಹೇಳಬೇಕೆಂದರೆ ಇದು ಡಯಲ್ ಗೇಜಿಗಿಂತ ಒಳ್ಳೆಯದು. ಗೇಜಿನ ಸ್ಪ್ರಿಂಗ್ ತಾನೂ ಸ್ವಲ್ಪ ಬಾಣವನ್ನು ಒತ್ತುತ್ತೆ.

ತೂಕಕ್ಕೆ ಫ್ರಿಜ್ಜಿನಲ್ಲಿದ್ದ ಲೀಟರ್ ಬಾಟಲಿ. ಕೊಕ್ಕೆ, ದಾರ, ನೀರು ಎಲ್ಲಾ ಸೇರಿ ಅಡುಗೆಮನೆ ತಕ್ಕಡಿಯಲ್ಲಿ ಸರಿಯಾಗಿ 880 ಗ್ರಾಂ ಬರೋವರೆಗೆ ಚಮಚದಲ್ಲಿ ನೀರು ತೆಗೆದೆ. “ಆ ಬಾಟ್ಲು ವಾಪಸ್ ಬರತ್ತೇನ್ರೀ?” ಅಂತ ಹೆಂಡತಿ ಕೇಳಿದ್ದಳು. ಇನ್ನೂ ಹೋಗಿಲ್ಲ.

ಓದಿದ್ದು ಹೀಗಿತ್ತು. 1ನೇ ಬಾಣ 15.2 ಮಿ.ಮೀ., 2ನೇದು 15.3, 4ನೇದು 15.1, 6ನೇದು 15.4, 7ನೇದು 15.2. ಎಲ್ಲಾ 600ರ ಆಸುಪಾಸು. 600 ಅಂದರೆ 15.24 ಮಿ.ಮೀ. ಇನ್ನು 3ನೇದು 12.8. ಐದನೇದು 12.6.

ಇಬ್ಬರೂ ಸುಮ್ಮನೆ ನಿಂತೆವು. ಗೆಳೆಯ ಬ್ಲೇಡ್ ತಂದು ಮೂರನೇ ಬಾಣದ ಕೆಂಪು ಸ್ಟಿಕ್ಕರಿನ ಅಂಚು ಎತ್ತಿದ. ಅರ್ಧ ಇಂಚು ಸುಲಿದಾಗ ಕೆಳಗೆ ಬಿಳಿ ಅಕ್ಷರದಲ್ಲಿ 500 ಅಂತ ಕಂಪನಿಯವರೇ ಬರೆದದ್ದು ಕಾಣಿಸಿತು. ಮೂರು ವರ್ಷ ಅದು ಅಲ್ಲೇ ಇತ್ತು.

ಮಾರಿದವರು ಬೇಕೂಂತ ಮಾಡಿರಲಿಕ್ಕಿಲ್ಲ. ಎರಡು ಬಾಣ ಮುರಿದಾಗ ಕೈಗೆ ಸಿಕ್ಕಿದ್ದನ್ನು ಸೇರಿಸಿ ಒಂದೇ ಬಣ್ಣದ ಸ್ಟಿಕ್ಕರ್ ಸುತ್ತಿರಬೇಕು. ಕೊಳ್ಳುವಾಗ ಸುಲಿದು ನೋಡದೇ ಇದ್ದದ್ದು ನನ್ನ ತಪ್ಪು.

ಎರಡನೇ ವಾರ: ಹೊಸ ಕಡ್ಡಿ, ಮತ್ತು ನಾನು ಮಾಡಿದ ಒಂದು ಹುಚ್ಚು ಕೆಲಸ

600 ಸ್ಪೈನಿನ ಆರು ಹೊಸ ಕಡ್ಡಿ ತರಿಸಿದೆ. 29 ಇಂಚಿಗೆ ಕತ್ತರಿಸಬೇಕಿತ್ತು. ಮನೆಯಲ್ಲಿ ಹ್ಯಾಕ್ಸಾ ಬ್ಲೇಡ್ ಇತ್ತು. ಇದರಲ್ಲಿ ಕಾರ್ಬನ್ ಕತ್ತರಿಸಬಾರದು ಅಂತ ಎಲ್ಲರೂ ಹೇಳುತ್ತಾರೆ. ಒಂದನ್ನು ನೋಡೇಬಿಡೋಣ ಅಂತ ಕತ್ತರಿಸಿದೆ. ತುದಿ ಪೊರಕೆ ಥರ ಸಿಗಿದುಕೊಂಡಿತು. ಉಳಿದ ಐದನ್ನು ಮತ್ತೆ ಪೀಣ್ಯಕ್ಕೆ ಒಯ್ದೆ. ಸಣ್ಣ ಕಟಿಂಗ್ ಡಿಸ್ಕ್, ಕಡ್ಡಿಯನ್ನು ತಿರುಗಿಸುತ್ತಾ ನಿಧಾನ ಕತ್ತರಿಸೋದು, ಬಾಯಿಗೆ ಮಾಸ್ಕ್. ಕಾರ್ಬನ್ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಚರ್ಮಕ್ಕೂ ತುರಿಕೆ.

ಗರಿ ಅಂಟಿಸೋದು ಸಂಜೆ ಕೆಲಸ. ಸ್ಪಿರಿಟ್ಟಿನಲ್ಲಿ ಒರೆಸಿ, ಜಿಗ್ ಇಟ್ಟು, 120 ಡಿಗ್ರಿ ಅಂತರದಲ್ಲಿ ಮೂರು ಪ್ಲಾಸ್ಟಿಕ್ ಗರಿ. ಮಗಳು ಎರಡು ಬಾಣ ಮಾಡಿದಳು, ನನ್ನದಕ್ಕಿಂತ ನೀಟಾಗಿ. ಹಳೇ ಐದು, ಹೊಸ ಐದು, ಒಟ್ಟು ಹತ್ತಾಯಿತು. ಎಲ್ಲವನ್ನೂ ಮತ್ತೆ ತೂಗಿ, ಬಾಗಿಸಿ ಅಳೆದು, ಹತ್ತಿರ ಹತ್ತಿರ ಇದ್ದ ಆರನ್ನು ಸ್ಪರ್ಧೆಗೆ ಇಟ್ಟೆ. ಎರಡಕ್ಕೆ ಗರಿ ಕಿತ್ತು ಬೋಳು ಬಾಣ ಮಾಡಿದೆ. ಅದು ಯಾಕೆ ಅಂತ ಹೇಳುತ್ತೇನೆ.

ಮೂರನೇ ವಾರ: ಬಿಲ್ಲು

ಬಾಣ ಒಂದು ಲೆವೆಲ್ಲಿಗೆ ಬಂದಮೇಲೆ ಬಿಲ್ಲಿನ ಕಡೆ ನೋಡೋಕೆ ಧೈರ್ಯ ಬಂತು. ಮೊದಲೇ ಬಿಲ್ಲಿಗೆ ಕೈ ಹಾಕಿದ್ದರೆ ಏನೂ ಗೊತ್ತಾಗುತ್ತಿರಲಿಲ್ಲ. ಬೇರೆ ಬೇರೆ ಸ್ಪೈನಿನ ಬಾಣ ಇಟ್ಟುಕೊಂಡು ಬಿಲ್ಲು ಟ್ಯೂನ್ ಮಾಡೋದು, ಓರೆ ನೆಲದ ಮೇಲೆ ಮೇಜಿನ ಕಾಲು ಕುಯ್ಯೋ ಹಾಗೆ.

ನನ್ನದು 68 ಇಂಚಿನ ರಿಕರ್ವ್ (ತುದಿ ಮುಂದಕ್ಕೆ ಬಾಗಿದ ಬಿಲ್ಲು), ಲಿಂಬ್ ಅಂದರೆ ಬಾಗೋ ತೋಳಿನ ಮೇಲೆ 30 ಪೌಂಡ್ ಅಂತಿದೆ. ಅದು 28 ಇಂಚು ಎಳೆದಾಗಿನ ಲೆಕ್ಕ. ನಾನು 29 ಎಳೆಯುತ್ತೇನೆ. ಸೂಟ್‌ಕೇಸ್ ತೂಗೋ ಕೊಕ್ಕೆ ತಕ್ಕಡಿಯನ್ನು ಹೆದೆಗೆ ಸಿಕ್ಕಿಸಿ ಎಳೆದು ನೋಡಿದರೆ 14.6 ಕೆ.ಜಿ., ಅಂದರೆ ಸುಮಾರು 32 ಪೌಂಡ್.

ಹೆದೆಗೂ ಹಿಡಿಗೂ ನಡುವಿನ ದೂರ, ಬ್ರೇಸ್ ಹೈಟ್ ಅಂತಾರಲ್ಲ, ಅದು 22 ಸೆಂ.ಮೀ. ಆಸುಪಾಸು ಇರಬೇಕಿತ್ತು. ಇದ್ದದ್ದು 20.3. ಡಕ್ರಾನ್ ಹೆದೆ, ಹಿಗ್ಗುತ್ತಾ ಹೋಗಿದೆ, ನಾನು ನೋಡಿಲ್ಲ. ಹೆದೆ ಬಿಚ್ಚಿ, ಮೊದಲೇ ಇದ್ದ ಹುರಿಯ ದಿಕ್ಕಿಗೇ ಇಪ್ಪತ್ತಕ್ಕೂ ಜಾಸ್ತಿ ಸುತ್ತು ಹಾಕಿದೆ. ಹುರಿ ಜಾಸ್ತಿಯಾದಷ್ಟೂ ಹೆದೆ ಗಿಡ್ಡ ಆಗುತ್ತೆ, ದೂರ ಹೆಚ್ಚುತ್ತೆ. 22.2ಕ್ಕೆ ಬಂತು. ಮೊದಲ ಬಾಣ ಬಿಟ್ಟಾಗಲೇ ಗೊತ್ತಾಯಿತು. ಮುಂಚೆ ‘ಟ್ಯಾಂಗ್’ ಅಂತ ಕೈಗೆ ಬಡಿಯುತ್ತಿದ್ದದ್ದು ಈಗ ‘ತಪ್’ ಅಂತಷ್ಟೇ. ಪಕ್ಕದ ಲೈನಿನವರು ತಿರುಗಿ ನೋಡಿದರು.

ನಾಕ್ ಹಿಡಿತ ನೋಡೋಕೆ ಒಂದು ಸುಲಭ ಪರೀಕ್ಷೆ ಇದೆ. ಬಿಲ್ಲನ್ನು ಅಡ್ಡ ಹಿಡಿದು, ಹೆದೆ ನೆಲಕ್ಕೆ ಸಮನಾಗಿರುವಾಗ ಬಾಣವನ್ನು ಅದಕ್ಕೆ ಸಿಕ್ಕಿಸಿ ಕೆಳಕ್ಕೆ ಜೋತುಬಿಡಬೇಕು. ತಾನಾಗಿ ಬೀಳಬಾರದು. ಹೆದೆಗೆ ಬೆರಳಿಂದ ಒಂದು ಏಟು ಕೊಟ್ಟರೆ ಬೀಳಬೇಕು. ನನ್ನವು ಕೆಲವು ಸುಮ್ನೆ ಬೀಳುತ್ತಿದ್ದವು, ಇನ್ನೆರಡು ಮಾತ್ರ ನಾಲ್ಕು ಏಟಿಗೂ ಬಿಡುತ್ತಿರಲಿಲ್ಲ. ಎಲ್ಲಾ ನಾಕ್ ಕಿತ್ತು ಒಂದೇ ಪ್ಯಾಕಿನ ಹೊಸವು ಹಾಕಿದೆ. ಹೆದೆಯ ಮಧ್ಯದಲ್ಲಿ ಸುತ್ತಿರೋ ದಾರವೂ ಸವೆದು ನಾರು ಎದ್ದಿತ್ತು, ಅದನ್ನೂ ಬಿಚ್ಚಿ ಹೊಸದು ಸುತ್ತಿದೆ. ಬಾಣ ಕೂರೋ ಜಾಗಕ್ಕೆ ಹಿತ್ತಾಳೆ ಉಂಗುರದ ಬದಲು ಹಲ್ಲಿನ ಸಂದಿಗೆ ಬಳಸೋ ಫ್ಲಾಸ್ ದಾರದಲ್ಲಿ ಗಂಟು, ಮೇಲೊಂದು ಹನಿ ಸೂಪರ್ ಗ್ಲೂ.

ಈಗ ಬೋಳು ಬಾಣದ ವಿಷಯ. ಗರಿ ಇರೋ ಬಾಣ ತಪ್ಪು ಮುಚ್ಚಿಡುತ್ತೆ. ಓರೆಯಾಗಿ ಹೊರಟರೂ ಗರಿ ಗಾಳಿಗೆ ಸಿಕ್ಕಿ ನೆಟ್ಟಗಾಗುತ್ತೆ. ಗರಿ ಇಲ್ಲದ್ದು ಮುಚ್ಚಿಡಲ್ಲ. 18 ಮೀಟರಿನಲ್ಲಿ ಮೂರು ಗರಿ ಬಾಣ, ಎರಡು ಬೋಳು ಬಾಣ, ಒಂದೇ ಗುರಿಗೆ ಬಿಡಬೇಕು. ಬೋಳಿಗೆ ಗರಿಯಷ್ಟೇ ತೂಕದ ಟೇಪ್ ಸುತ್ತಿರಬೇಕು. ಬಲಗೈಯವರಿಗೆ ಬೋಳು ಬಾಣ ಎಡಕ್ಕೆ ಬಿದ್ದರೆ ಬಾಣ ಗಟ್ಟಿ, ಪ್ಲಂಜರ್ (ಬಿಲ್ಲಿನಲ್ಲಿ ಬಾಣದ ಪಕ್ಕಕ್ಕೆ ಆನಿಕೊಂಡಿರೋ ಗುಂಡಿ) ಸ್ಪ್ರಿಂಗ್ ಸಡಿಲ ಮಾಡಬೇಕು. ಬಲಕ್ಕೆ ಬಿದ್ದರೆ ಮೆತ್ತಗೆ, ಬಿಗಿ ಮಾಡಬೇಕು. ಮೇಲೆ ಬಿದ್ದರೆ ಹೆದೆ ಮೇಲೆ ಬಾಣ ಕೂರೋ ಜಾಗವನ್ನು ಮೇಲಕ್ಕೆ ಸರಿಸಬೇಕು, ಕೆಳಗೆ ಬಿದ್ದರೆ ಕೆಳಕ್ಕೆ.

ನನ್ನವು 13 ಸೆಂ.ಮೀ. ಬಲಕ್ಕೆ, ಒಂದು ಗೇಣು ಕೆಳಗೆ. ಗಂಟು ಸಮಮಟ್ಟದಿಂದ 14 ಮಿ.ಮೀ. ಮೇಲಿತ್ತು, 10ಕ್ಕೆ ಇಳಿಸಿದೆ. ಮೇಲುಕೆಳಗಿನದು ಹೆಚ್ಚುಕಮ್ಮಿ ಸರಿಹೋಯಿತು. ಪ್ಲಂಜರ್ ಅರ್ಧ ಸುತ್ತು ಬಿಗಿ, ಐದು ಬಾಣ, ಬರೆದುಕೊ. ಮತ್ತೆ ಅರ್ಧ ಸುತ್ತು, ಐದು ಬಾಣ, ಬರೆದುಕೊ. ಒಂದು ಸಲಕ್ಕೆ ಒಂದೇ ಬದಲಾವಣೆ. ಇದಕ್ಕೇ ಎರಡು ಬೆಳಗ್ಗೆ ಹೋದವು. ಬೋಳು ಬಾಣ ನಾಲ್ಕು ಸೆಂ.ಮೀ. ಬಲಕ್ಕೆ, ಚೂರು ಕೆಳಗೆ ಬಂದಾಗ ನಿಲ್ಲಿಸಿದೆ. ಇನ್ನೂ ಹತ್ತಿರ ತರಬಹುದಿತ್ತು. ಆದರೆ ನನ್ನ ಕೈಯೇ ಅಷ್ಟು ಒಂದೇ ಥರ ಬಿಡಲ್ಲ, ಅದಕ್ಕಿಂತ ಸಣ್ಣ ವ್ಯತ್ಯಾಸದ ಹಿಂದೆ ಬಿದ್ದರೆ ನೆರಳು ಹಿಡಿದ ಹಾಗೆ.

2024ರ ಪ್ಯಾರಿಸ್ ಒಲಿಂಪಿಕ್ಸ್ ಫೈನಲ್ಲಿನಲ್ಲಿ ಕೊರಿಯಾದ ಕಿಮ್ ವೂ-ಜಿನ್ ಅಮೆರಿಕದ ಬ್ರೇಡಿ ಎಲಿಸನ್ ಎದುರು ಗೆದ್ದದ್ದು 4.9 ಮಿಲಿಮೀಟರಿನಲ್ಲಿ. ಅದೂ 70 ಮೀಟರ್ ದೂರದಿಂದ. ಕ್ಲಬ್ಬಿನಲ್ಲಿ ಇದನ್ನು ಹೇಳಿಕೊಂಡು ದುಬಾರಿ ಸ್ಟೆಬಿಲೈಸರ್ ಕೊಳ್ಳೋರು ಇದ್ದಾರೆ. ನನ್ನ ಜಗಳ ಇದ್ದದ್ದು 14 ಸೆಂಟಿಮೀಟರಿನ ಜೊತೆ. 80 ಸೆಂ.ಮೀ. ಹಾಳೆಯಲ್ಲಿ ಒಂದೊಂದು ಅಂಕದ ಪಟ್ಟಿ 4 ಸೆಂ.ಮೀ. ಅಗಲ. 14 ಸೆಂ.ಮೀ. ಅಂದರೆ ಮೂರೂವರೆ ಅಂಕ, ಆ ಎರಡು ಬಾಣದ ಸರಾಸರಿಗೂ ಉಳಿದವುಗಳ ಸರಾಸರಿಗೂ ಇದ್ದ ವ್ಯತ್ಯಾಸ.

ಟ್ಯಾಬ್ ವಿಷಯದಲ್ಲಿ ಸೋತೆ

ಬೆರಳಿಗೆ ಹಾಕೋ ತೊಗಲಿನ ಟ್ಯಾಬ್ ಗಟ್ಟಿಯಾಗಿ ಹೆದೆಯ ಗೀರು ಬಿದ್ದಿತ್ತು. ಹಳೇ ಪರ್ಸಿನ ತೊಗಲು ಕತ್ತರಿಸಿ ಹೊಸ ಮುಖ ಮಾಡಿದೆ. ನೋಡೋಕೆ ಚೆನ್ನಾಗಿತ್ತು. ಆದರೆ ಮೆತ್ತನೆ ತೊಗಲು ಹೆದೆಯನ್ನು ಹಿಡಿದುಕೊಳ್ಳುತ್ತಿತ್ತು, ಬಿಡುತ್ತಿರಲಿಲ್ಲ. ಟಾಲ್ಕಂ ಪೌಡರ್ ಹಾಕಿದರೆ ಮೂರು ಬಾಣಕ್ಕೆ ಜಾರುತ್ತಿತ್ತು, ನಾಲ್ಕನೇದಕ್ಕೆ ಮತ್ತೆ ಅಂಟು. ಕೊನೆಗೆ ಅಂಗಡಿಯದನ್ನೇ ಕೊಂಡೆ. ಎಲ್ಲಾ ಮನೆಯಲ್ಲೇ ಮಾಡಬೇಕು ಅಂತೇನಿಲ್ಲ.

ಬೆರಳಿನ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಎದುರುಮನೆ ತಾತ ನನ್ನ ಬಿಲ್ಲು ಕಂಡಾಗಲೆಲ್ಲ “ಹೆಬ್ಬೆರಳು ಜೋಪಾನ ಕಣಪ್ಪಾ” ಅಂತಾರೆ. ಮೂರು ಬೆರಳಲ್ಲಿ ಎಳೆಯೋ ಈ ಪದ್ಧತಿಯಲ್ಲಿ ಹೆಬ್ಬೆರಳಿಗೆ ಕೆಲಸವೇ ಇಲ್ಲ. ಏಕಲವ್ಯನಿಗೆ ಇದು ಗೊತ್ತಿದ್ದಿದ್ದರೆ ಗುರುದಕ್ಷಿಣೆ ಕೊಟ್ಟ ಮಾರನೇ ದಿನವೇ ಪ್ರಾಕ್ಟೀಸಿಗೆ ಬರುತ್ತಿದ್ದ.

ಮೊದಲ ಪರೀಕ್ಷೆ: 257

ಜೂನ್ ಸ್ಪರ್ಧೆಗೆ ಹೋದೆ. ಎಂಡಿಗೊಂದರ ಹಾಗೆ 45, 47, 46, 44, 39, 36. ಒಟ್ಟು 257. 29 ಅಂಕ ಜಾಸ್ತಿ, ಹನ್ನೊಂದನೇ ಜಾಗ. ಖುಷಿಯಾಗಬೇಕಿತ್ತು. ಆದರೆ ಆ ಕೊನೆ ಎರಡು ಎಂಡ್ ನೋಡಿ. ಬಾಣ ಸರಿಯಿದೆ, ಬಿಲ್ಲು ಸರಿಯಿದೆ. ಇನ್ನು ನೆಪ ಹೇಳೋಕೆ ಉಳಿದವನು ನಾನೊಬ್ಬನೇ.

ಮಗಳ ಚುಕ್ಕಿ ಪುಸ್ತಕದಲ್ಲಿ ಐದು, ಆರನೇ ಎಂಡಿನ ಬಾಣಗಳು ಎಲ್ಲಾ ದಿಕ್ಕಿಗೂ ಚೆಲ್ಲಿದ್ದವು. ಯಾವ ನಂಬರಿಗೂ ಪಕ್ಷಪಾತ ಇರಲಿಲ್ಲ. ಇದು ಸುಸ್ತು. 14.6 ಕೆ.ಜಿ.ಯನ್ನು 36 ಸಲ, ಅದಕ್ಕೆ ಮುಂಚೆ ಪ್ರಾಕ್ಟೀಸಿನಲ್ಲಿ ಹನ್ನೆರಡು ಸಲ ಎಳೆದಿದ್ದೇನೆ. ವಾರಕ್ಕೆ ಒಂದೇ ದಿನ ಎಳೆಯೋ ಬೆನ್ನು ಇನ್ನೇನು ಮಾಡುತ್ತೆ?

ಸೋಮವಾರ, ಬುಧವಾರ, ಶುಕ್ರವಾರ ಸಂಜೆ ಆರು ನಿಮಿಷ ಹಿಡಿದಿಡೋ ಅಭ್ಯಾಸ ಶುರು ಮಾಡಿದೆ. ಪೂರ್ತಿ ಎಳೆದು 15 ಸೆಕೆಂಡ್ ಹಿಡಿಯೋದು, ಮೆಲ್ಲಗೆ ವಾಪಸ್ ಬಿಡೋದು, 30 ಸೆಕೆಂಡ್ ವಿಶ್ರಾಂತಿ. ಎಂಟು ಸಲ. ಬಾಣ ಇಲ್ಲದೆ ಹೆದೆಯನ್ನು ಮಾತ್ರ ಯಾವತ್ತೂ ಬಿಟ್ಟುಬಿಡಬಾರದು. ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಲಿಂಬಿಗೇ ಬಡಿದು ಸೀಳಿಬಿಡುತ್ತೆ. ಅದಕ್ಕೆ ಹೆದೆಯಿಂದ ಮೊಣಕೈಗೆ ಒಂದು ಗಟ್ಟಿ ಪಟ್ಟಿ ಕಟ್ಟಿಕೊಂಡಿದ್ದೆ, ಬೆರಳು ಜಾರಿದರೂ ಹೆದೆ ಹೋಗದ ಹಾಗೆ. ಮೊದಲ ವಾರ ಆರನೇ ಸಲಕ್ಕೇ ಕೈ ನಡುಗಿತು. ನಾಲ್ಕನೇ ವಾರಕ್ಕೆ ಎಂಟೂ ಆಯಿತು.

ಭಾನುವಾರ ಕ್ಲಬ್ಬಿಗೆ ಹೋದ ತಕ್ಷಣ 30 ಮೀಟರಿಗೆ ನಿಲ್ಲೋದನ್ನೂ ಬಿಟ್ಟೆ. ಮೊದಲು ಐದು ಮೀಟರಿನಲ್ಲಿ ಹಾಳೆ ಇಲ್ಲದ ಬರೀ ದಿಂಡಿಗೆ ಇಪ್ಪತ್ತು ಬಾಣ. ಗುರಿ ಇಲ್ಲ, ಅಂಕ ಇಲ್ಲ, ಬೆನ್ನು ಹೇಗೆ ಎಳೀತಿದೆ ಅನ್ನೋದಷ್ಟೇ. ನೋಡೋರಿಗೆ ತಮಾಷೆಯಾಗಿ ಕಾಣುತ್ತೆ. ಕಾಣಲಿ.

ಎರಡನೇ ಪರೀಕ್ಷೆ: 274

ಆಗಸ್ಟ್ ಸ್ಪರ್ಧೆ. ಬೆಳಗ್ಗೆ ಸೋನೆ ಮಳೆ, ಆಮೇಲೆ ಬಿಟ್ಟಿತು. 46, 47, 45, 46, 46, 44. ಒಟ್ಟು 274, ಆರನೇ ಜಾಗ. ಸೈಟ್ ಇಡೀ ದಿನ ಒಂದೇ ಸಲ ಸರಿಸಿದ್ದು, ಅದೂ ಮೊದಲ ಎಂಡಿನ ಆರೂ ಬಾಣ ಒಟ್ಟಾಗಿ ಮೇಲೆ ಹೋದ ಮೇಲೆ. ಮೂರನೇ ಎಂಡಿನಲ್ಲಿ ಒಂದು ಬಾಣ 9ರ ಗೆರೆಗೆ ಉಜ್ಜಿಕೊಂಡು ನಿಂತಿತ್ತು. ಗೆರೆ ಮುಟ್ಟಿದರೂ ಜಾಸ್ತಿ ಅಂಕವೇ ಸಿಗೋದು. ಅಂಕ ಬರೆಯೋ ಮುಂಚೆ ಬಾಣ ಮುಟ್ಟಬಾರದು, ಹಾಗಾಗಿ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತೆ. ಬಿದಿರು ಬಿಲ್ಲಿನ ಹುಡುಗ 288. ಅವನನ್ನು ಸದ್ಯಕ್ಕೆ ಬಿಟ್ಟುಬಿಡೋಣ.

ಹಳೇ 3 ಮತ್ತು 5ನೇ ಬಾಣ ಕೆಟ್ಟವಲ್ಲ. ನಲವತ್ತು ಪೌಂಡ್ ಬಿಲ್ಲಿನವರೊಬ್ಬರು 500 ಸ್ಪೈನ್ ಬಳಸುತ್ತಾರೆ, ಅವರಿಗೆ ಕೊಟ್ಟೆ. ಸ್ಟಿಕ್ಕರ್ ಪೂರ್ತಿ ಸುಲಿದು ಕೊಟ್ಟೆ.

ಮನೆಗೆ ಬರುವಾಗ ಮಗಳು ಮತ್ತೆ ಪುಸ್ತಕ ತೆಗೆದಳು. ಈ ಸಲ ಅವಳು ನಂಬರಿನ ಜೊತೆಗೆ ಯಾವುದನ್ನು ಎಷ್ಟನೇದಾಗಿ ಬಿಟ್ಟೆ ಅನ್ನೋದನ್ನೂ ಬರೆದಿದ್ದಳಂತೆ. ಯಾವ ಬಾಣವೇ ಇರಲಿ, ಎಂಡಿನಲ್ಲಿ ಆರನೇದಾಗಿ ಬಿಟ್ಟದ್ದು ಐದು ಸಲ ಕೆಳಗೆ ಬಿದ್ದಿದೆ.

“ಯಾಕೆ ಗೊತ್ತಾ ಅಪ್ಪಾ? ಕೊನೇದು ಬಿಡೋವಾಗ ನಿನ್ನ ಎಡಗೈ ಆಗಲೇ ಬೈನಾಕ್ಯುಲರ್ ತಗೊಳ್ಳೋಕೆ ಹೊರಟಿರತ್ತೆ.”